ಬೈರೂತ್‌ನಲ್ಲಿ ಯಾರು ಯಾರ ಜೊತೆ?

ಲೆಬನಾನ್‌ನ ರಾಜಧಾನಿ ಬೈರೂತ್‌ನಲ್ಲಿರುವ ನನಗೆ ಊರಿಂದ ಫೋನ್ ಬಂದಾಗ, ಬಾಂಬ್ ವಿಚಾರ ಕರೆಂಟ್ ವಿಚಾರ ಎಲ್ಲ ಮುಗಿದ ಮೇಲೆ, ಭಾವ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಈಗ ಅಲ್ಲಿ ಯಾವ ಪಾರ್ಟಿ ಸರ್ಕಾರ ಮಾರಾಯ?" ಇದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಲೆಬನಾನ್‌ನಲ್ಲಿ ಒಂದೇ ಪಾರ್ಟಿಯ ಸರ್ಕಾರ ಅನ್ನುವುದೇ ಇಲ್ಲ. ಹೆಚ್ಚು ಕಡಿಮೆ ಎಲ್ಲರೂ ಸರ್ಕಾರದೊಳಗೆ ಇರುತ್ತಾರೆ, ಟಿವಿಯಲ್ಲಿ ಮಾತ್ರ ಎಲ್ಲರೂ ವಿರೋಧ ಪಕ್ಷದವರ ಹಾಗೆ ಬೈಯುತ್ತಾರೆ. ಹಾಗಾಗಿ ಇಲ್ಲೇ ಬರೆದುಬಿಡುತ್ತೇನೆ, ಭಾವನೂ ಓದಿಕೊಳ್ಳಲಿ.

ಇದರಲ್ಲಿ ಏನು ವಿಶೇಷ, ನಮ್ಮ ಜೆಡಿಎಸ್ 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಕಾಂಗ್ರೆಸ್ ಜೊತೆ, 2023ರಲ್ಲಿ ಮತ್ತೆ ಬಿಜೆಪಿ ಜೊತೆ ಹೋಗಲಿಲ್ವಾ ಅಂತ ನೀವು ಕೇಳಬಹುದು. ಹೋಯಿತು. ಆದರೆ ಅಲ್ಲಿ ಲೆಕ್ಕ ಸುಲಭ. 113 ಬೇಕು, ಕೈಯಲ್ಲಿ ಅಷ್ಟಿಲ್ಲ, ಯಾರನ್ನಾದರೂ ಹೊಂದಿಸಿಕೊಳ್ಳಬೇಕು. ಇಲ್ಲಿ ಲೆಕ್ಕ ಶುರುವಾಗುವುದೇ ಬೇರೆ ಕಡೆಯಿಂದ.

ಇಲ್ಲಿನ ಸಂಸತ್ತಿನಲ್ಲಿ 128 ಸೀಟು. ಅರ್ಧ ಕ್ರಿಶ್ಚಿಯನ್ನರಿಗೆ, ಅರ್ಧ ಮುಸ್ಲಿಮರಿಗೆ. ಅದರೊಳಗೆ ಮತ್ತೆ ಪಾಲು: ಮರೋನೈಟ್ ಕ್ರಿಶ್ಚಿಯನ್ನರಿಗೆ 34, ಸುನ್ನಿಗಳಿಗೆ 27, ಶಿಯಾಗಳಿಗೆ 27, ಗ್ರೀಕ್ ಆರ್ಥೊಡಾಕ್ಸ್‌ಗೆ 14, ದ್ರೂಜ್‌ಗೆ (ಮುಸ್ಲಿಂ ಪಾಲಿನಲ್ಲೇ ಎಣಿಸುವ ಸಣ್ಣ ಸಮುದಾಯ) 8, ಹೀಗೆ ಒಂದೊಂದು ಸೀಟಿನವರೆಗೂ ಹಂಚಿಕೆ ಆಗಿದೆ. ರಾಷ್ಟ್ರಾಧ್ಯಕ್ಷ ಮರೋನೈಟ್, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. ಇದು 1943ರಲ್ಲಿ ಆದ ಬಾಯಿಮಾತಿನ ಒಪ್ಪಂದ, ಇಂದಿಗೂ ಅದೇ ನಡೆಯುತ್ತಿದೆ. ಮೊದಲು ಸೀಟುಗಳು 6ಕ್ಕೆ 5ರಂತೆ ಕ್ರಿಶ್ಚಿಯನ್ನರಿಗೆ ಜಾಸ್ತಿ ಇದ್ದವು. 1975ರಲ್ಲಿ ಶುರುವಾದ ಅಂತರ್ಯುದ್ಧ ನಿಲ್ಲಿಸಲು 1989ರಲ್ಲಿ ಸೌದಿಯ ತಾಯಿಫ್‌ನಲ್ಲಿ ಕೂತು ಅರ್ಧ ಅರ್ಧ ಮಾಡಿಕೊಂಡರು. ನಿಜವಾಗಿ ಯಾರು ಎಷ್ಟು ಜನ ಇದ್ದಾರೆ ಅಂತ ಎಣಿಸುವ ಧೈರ್ಯ ಯಾರಿಗೂ ಇಲ್ಲ. ಕೊನೆಯ ಜನಗಣತಿ ಆಗಿದ್ದು 1932ರಲ್ಲಿ.

ಈಗ ಯೋಚಿಸಿ. ಮರೋನೈಟ್ ಸೀಟನ್ನು ಸುನ್ನಿ ಅಭ್ಯರ್ಥಿ ಕಿತ್ತುಕೊಳ್ಳಲು ಸಾಧ್ಯವೇ ಇಲ್ಲ. ಅಂದರೆ ಮರೋನೈಟ್ ನಾಯಕನಿಗೆ ನಿಜವಾದ ಎದುರಾಳಿ ಇನ್ನೊಬ್ಬ ಮರೋನೈಟ್. ಸೀಟು ಒಂದು ಪಂಗಡಕ್ಕೆ ಮೀಸಲಾದರೂ ಓಟು ಹಾಕುವವರು ಕ್ಷೇತ್ರದ ಎಲ್ಲರೂ. ಹಾಗಾಗಿ ಅವನನ್ನು ಸೋಲಿಸಬೇಕು ಅಂದರೆ ಅದೇ ಕ್ಷೇತ್ರದ ಶಿಯಾ, ಸುನ್ನಿ, ದ್ರೂಜ್ ಓಟು ಬೇಕು. ದಾಯಾದಿಯನ್ನು ಸೋಲಿಸಲು ಪಕ್ಕದ ಮನೆಯವನನ್ನು ಕರೆಯುವ ವ್ಯವಹಾರ ಇದು. ಇಲ್ಲಿ ಮೈತ್ರಿಗಳು ಬದಲಾಗುವುದನ್ನು ಕಂಡು ಜನ ಸಿದ್ಧಾಂತ ಇಲ್ಲ, ನಾಚಿಕೆ ಇಲ್ಲ ಅನ್ನುತ್ತಾರೆ. ನಾಚಿಕೆ ಇಲ್ಲದಿರುವುದು ನಿಜವೇ. ಆದರೆ ಮುಖ್ಯ ಕಾರಣ ಈ ಸೀಟು ಹಂಚಿಕೆ ಅಂತ ನನಗೆ ಅನಿಸುತ್ತದೆ.

ನಾನು ಇರುವುದು ಬೈರೂತ್‌ನ ಅಂಚಿನ ಫುರ್ನ್ ಎಲ್ ಶೆಬ್ಬಾಕ್‌ನಲ್ಲಿ. ಆಡಳಿತದ ಲೆಕ್ಕದಲ್ಲಿ ಇದು ಬಾಬ್ದಾ ಕ್ಷೇತ್ರ. ಇಲ್ಲಿ 6 ಸೀಟು: 3 ಮರೋನೈಟ್, 2 ಶಿಯಾ, 1 ದ್ರೂಜ್. ನಮ್ಮ ಬೀದಿಯಿಂದ ಸ್ವಲ್ಪ ನಡೆದರೆ ಐನ್ ಎಲ್ ರಿಮ್ಮಾನೆ, ಅದರಾಚೆ ಶಿಯಾಹ್. ಮಧ್ಯದಲ್ಲಿ ಒಂದು ರಸ್ತೆ ಅಷ್ಟೇ. ಅಂತರ್ಯುದ್ಧದಲ್ಲಿ ಅದೇ ಗಡಿ ರೇಖೆಯಾಗಿತ್ತು, 2021ರ ಅಕ್ಟೋಬರ್‌ನಲ್ಲಿ ಹತ್ತಿರದ ತಯ್ಯೂನೆ ಸರ್ಕಲ್‌ನಲ್ಲಿ ಮತ್ತೆ ಗುಂಡು ಹಾರಿತು. ಈ ಒಂದು ಕ್ಷೇತ್ರದ ಕತೆ ಹೇಳಿದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ.

2005ರ ಫೆಬ್ರವರಿ 14. ಮಾಜಿ ಪ್ರಧಾನಿ ರಫೀಕ್ ಹರೀರಿಯನ್ನು ಸಮುದ್ರದ ದಂಡೆಯ ರಸ್ತೆಯಲ್ಲಿ ಬಾಂಬಿಟ್ಟು ಕೊಂದರು. ಅಂತರ್ಯುದ್ಧದ ಕಾಲದಲ್ಲಿ ಬಂದ ಸಿರಿಯಾ ಸೇನೆ ಆಗ ಇನ್ನೂ ಲೆಬನಾನ್‌ನಲ್ಲೇ ಇತ್ತು. ಮಾರ್ಚ್ 8ರಂದು ಶಿಯಾಗಳ ಎರಡು ಪಕ್ಷಗಳಾದ ಹಿಜ್ಬುಲ್ಲಾ ಮತ್ತು ಅಮಲ್‌ನವರು ಸಿರಿಯಾಕ್ಕೆ ಧನ್ಯವಾದ ಹೇಳಲು ಭಾರಿ ಸಭೆ ಮಾಡಿದರು. ಮಾರ್ಚ್ 14ರಂದು ಸಿರಿಯಾ ತೊಲಗಲಿ ಅಂತ ಅದಕ್ಕಿಂತ ದೊಡ್ಡ ಜನಸಾಗರ ಸೇರಿತು. ಅಲ್ಲಿಂದ ಮುಂದೆ ಇಡೀ ದೇಶ ಈ ಎರಡು ತಾರೀಕುಗಳ ಹೆಸರಿನಲ್ಲಿ ಎರಡು ಗುಂಪಾಯಿತು ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ. ಏಪ್ರಿಲ್ ಕೊನೆಗೆ ಸಿರಿಯಾ ಸೇನೆ ಹೊರಟಿತು.

ಅದಾದ ಕೂಡಲೇ ಚುನಾವಣೆ ಬಂತು ನೋಡಿ. ಆಗ ಒಟ್ಟಿಗೆ ನಿಂತವರು ಯಾರು ಅಂದುಕೊಂಡಿರಿ? ರಫೀಕ್ ಅವರ ಮಗ ಸಾದ್ ಹರೀರಿಯ ಪಕ್ಷ, ದ್ರೂಜ್ ನಾಯಕ ವಲೀದ್ ಜುಂಬ್ಲಾತ್, ಹಿಜ್ಬುಲ್ಲಾ, ಅಮಲ್. ಬೀದಿಯಲ್ಲಿ ಎದುರುಬದುರು ನಿಂತವರು ಓಟಿನಲ್ಲಿ ಒಂದೇ ಅಭ್ಯರ್ಥಿ ಪಟ್ಟಿ! ಹೊರಗುಳಿದವರು ಮಿಶೆಲ್ ಔನ್. ಇವರು ಮರೋನೈಟ್, ಹಳೆಯ ಸೇನಾಪತಿ, ಸಿರಿಯಾ ವಿರುದ್ಧ ಬಂದೂಕು ಹಿಡಿದವರು, ಅದಕ್ಕಾಗಿ ಫ್ರಾನ್ಸ್‌ನಲ್ಲಿ ವರ್ಷಾನುಗಟ್ಟಲೆ ದೇಶಭ್ರಷ್ಟರಾಗಿದ್ದು ಆ ಮೇ ತಿಂಗಳಲ್ಲಷ್ಟೇ ವಾಪಸ್ ಬಂದಿದ್ದರು. ಸಿರಿಯಾ ವಿರೋಧಿಗಳ ಪೈಕಿ ಮೊದಲಿಗರು ಅವರೇ, ಅವರನ್ನೇ ಬಿಟ್ಟರು. ಯಾಕೆ ಅಂದರೆ ಔನ್ ಕ್ರಿಶ್ಚಿಯನ್ ಓಟನ್ನು ಗುಡಿಸಿ ಹಾಕುತ್ತಿದ್ದರು, ಪಾಲು ಜಾಸ್ತಿ ಕೇಳುತ್ತಿದ್ದರು. ನಮ್ಮ ಬಾಬ್ದಾ ಕಡೆ ಹಿಜ್ಬುಲ್ಲಾ ಹೇಳಿದ್ದಕ್ಕೆ ಶಿಯಾ ಓಟುಗಳೆಲ್ಲ ಜುಂಬ್ಲಾತ್ ಪಟ್ಟಿಗೆ ಬಿದ್ದವು. ಔನ್ ಪಟ್ಟಿ ಇಲ್ಲಿ ಸೋತಿತು.

ಔನ್ ಲೆಕ್ಕ ಕಲಿತರು. ವರ್ಷ ತುಂಬುವ ಮೊದಲೇ, 2006ರ ಫೆಬ್ರವರಿ 6ರಂದು, ಹಿಜ್ಬುಲ್ಲಾ ಮುಖ್ಯಸ್ಥ ಹಸನ್ ನಸ್ರಲ್ಲಾ ಪಕ್ಕದಲ್ಲಿ ಕೂತು ತಿಳುವಳಿಕೆ ಪತ್ರಕ್ಕೆ ಸಹಿ ಹಾಕಿದರು. ಎಲ್ಲಿ? ಶಿಯಾಹ್‌ನ ಮಾರ್ ಮಿಖಾಯೆಲ್ ಚರ್ಚಿನಲ್ಲಿ, ಸರಿಯಾಗಿ ಆ ಹಳೆಯ ಗಡಿ ರೇಖೆಯ ಮೇಲೆ. ಜಾಗ ಆರಿಸಿದವರಿಗೆ ನಾಟಕದ ಜ್ಞಾನ ಚೆನ್ನಾಗಿತ್ತು. ಆ ವರ್ಷದ ಕೊನೆಗೆ ಬೈರೂತ್ ನಡುಪೇಟೆಯಲ್ಲಿ ಔನ್ ಪಕ್ಷದ ಕಿತ್ತಳೆ ಬಾವುಟ ಮತ್ತು ಹಿಜ್ಬುಲ್ಲಾದ ಹಳದಿ ಬಾವುಟ ಒಟ್ಟಿಗೆ ಧರಣಿ ಕೂತವು. 2009ರ ಚುನಾವಣೆಯಲ್ಲಿ ಅದೇ ಶಿಯಾ ಓಟುಗಳ ಬಲದಿಂದ ಔನ್ ಪಟ್ಟಿ ಬಾಬ್ದಾವನ್ನು ಗೆದ್ದುಕೊಂಡಿತು. ಹಿಜ್ಬುಲ್ಲಾಕ್ಕೆ ಏನು ಲಾಭ? ದೊಡ್ಡ ಲಾಭ. ದೇಶದ ಸೇನೆಯ ಹೊರಗೆ ಅವರೇ ಇಟ್ಟುಕೊಂಡ ಆಯುಧಕ್ಕೆ ಒಂದು ಕ್ರಿಶ್ಚಿಯನ್ ಒಪ್ಪಿಗೆ ಸಿಕ್ಕಿತು.

ಜುಂಬ್ಲಾತ್ ವಿಚಾರ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಅವರ ಅಪ್ಪನಿಗೂ ನಮಗೂ ಒಂದು ಎಳೆ ಇದೆ. ಕಮಾಲ್ ಜುಂಬ್ಲಾತ್ ಗಾಂಧಿಯನ್ನು ಮೆಚ್ಚಿದವರು, ಭಾರತಕ್ಕೆ ಬಂದುಹೋಗುತ್ತಿದ್ದವರು, ತಿರುವನಂತಪುರದ ಆತ್ಮಾನಂದ ಗುರುಗಳ ಶಿಷ್ಯ. ನಾನು ಇದನ್ನು ಆಫೀಸಿನ ಹುಡುಗರಿಗೆ ಹೇಳಿದರೆ ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. 1977ರ ಮಾರ್ಚ್‌ನಲ್ಲಿ ಕಮಾಲ್ ಅವರನ್ನು ಬೆಟ್ಟದ ರಸ್ತೆಯಲ್ಲಿ ಕಾರು ತಡೆದು ಕೊಂದರು. ಇದರ ಹಿಂದೆ ಸಿರಿಯಾ ಇದೆ ಅನ್ನುವುದು ಇಲ್ಲಿ ಎಲ್ಲರೂ ಆಡುವ ಮಾತು. 2025ರಲ್ಲಿ ಸಿರಿಯಾದ ಹೊಸ ಸರ್ಕಾರ ಆ ಕೊಲೆಯ ಆರೋಪ ಹೊತ್ತ ಹಳೆಯ ಗುಪ್ತಚರ ಅಧಿಕಾರಿಯನ್ನು ಹಿಡಿಯಿತು ಕೂಡ. ಮಗ ವಲೀದ್ ಮಾಡಿದ್ದೇನು? ಅಪ್ಪ ಸತ್ತ ಸ್ವಲ್ಪ ದಿನಕ್ಕೇ ಡಮಾಸ್ಕಸ್‌ಗೆ ಹೋಗಿ ಆಗಿನ ಸಿರಿಯಾ ಅಧ್ಯಕ್ಷ ಹಾಫೆಜ್ ಅಸಾದ್ ಕೈ ಕುಲುಕಿದರು. ಮುಂದೆ ಎಷ್ಟೋ ವರ್ಷ ಸಿರಿಯಾ ಪರ. 2005ರಲ್ಲಿ ಸಿರಿಯಾದ ಕಡು ವೈರಿ. 2009ರಲ್ಲಿ ಮಾರ್ಚ್ 14ರ ಗುಂಪು ಬಿಟ್ಟರು, 2010ರಲ್ಲಿ ಡಮಾಸ್ಕಸ್‌ಗೆ ಹೋಗಿ ಹಾಫೆಜ್ ಮಗ, ಅಧ್ಯಕ್ಷ ಬಶಾರ್ ಅಸಾದ್ ಭೇಟಿ, 2011ರ ಜನವರಿಯಲ್ಲಿ ಸಾದ್ ಹರೀರಿಯ ಕೈಬಿಟ್ಟು ಇನ್ನೊಬ್ಬ ಸುನ್ನಿ ನಾಯಕ ನಜೀಬ್ ಮಿಕಾತಿಯನ್ನು ಪ್ರಧಾನಿ ಮಾಡಲು ಓಟು. ಸಿರಿಯಾದಲ್ಲಿ ದಂಗೆ ಎದ್ದ ಮೇಲೆ ಮತ್ತೆ ಅಸಾದ್ ವಿರೋಧಿ. 2024ರ ಡಿಸೆಂಬರ್‌ನಲ್ಲಿ ಅಸಾದ್ ಓಡಿಹೋದ ಎರಡು ವಾರದಲ್ಲಿ ಹೊಸ ನಾಯಕ ಅಹಮದ್ ಅಲ್ ಶರಾ ಎದುರು ಕೂತಿದ್ದರು. ನಗು ಬರುತ್ತದೆ. ಆದರೆ ಅವರ ಜನಕ್ಕೆ ಇರುವುದು 8 ಸೀಟು, ವಾಸ ಬೆಟ್ಟದ ಮೇಲೆ, ಸುತ್ತಲೂ ದೊಡ್ಡವರು. ಗಾಳಿ ಯಾವ ಕಡೆ ಅಂತ ಮೊದಲು ತಿಳಿಯಬೇಕಾದವರು ಅವರೇ ಅಲ್ವಾ? ಚೂಫ್ ಬೆಟ್ಟದಲ್ಲಿ 1983ರಲ್ಲಿ ಮರೋನೈಟ್ ನಾಯಕ ಸಮೀರ್ ಜಾಜಾ ಅವರ ಲೆಬನೀಸ್ ಫೋರ್ಸಸ್ (ಆಗ ಪಡೆ, ಈಗ ಪಕ್ಷ) ಮತ್ತು ದ್ರೂಜ್ ಪಡೆ ಒಬ್ಬರನ್ನೊಬ್ಬರು ಕೊಂದವರು. 2018ರಲ್ಲೂ 2022ರಲ್ಲೂ ಅದೇ ಚೂಫ್‌ನಲ್ಲಿ ಎರಡೂ ಪಕ್ಷ ಒಂದೇ ಪಟ್ಟಿಯಲ್ಲಿದ್ದವು.

2016ರ ಕತೆ ಇನ್ನೂ ಮಜಾ. ರಾಷ್ಟ್ರಾಧ್ಯಕ್ಷರನ್ನು ಇಲ್ಲಿ ಆರಿಸುವುದು ಸಂಸದರು. ಆ ಕುರ್ಚಿ 2014ರ ಮೇ ತಿಂಗಳಿಂದ ಖಾಲಿ. 1990ರಲ್ಲಿ ಔನ್ ಮತ್ತು ಜಾಜಾ ಪಡೆಗಳು ಕ್ರಿಶ್ಚಿಯನ್ ಬೈರೂತ್‌ನೊಳಗೇ ಬಡಿದಾಡಿಕೊಂಡಿದ್ದವು, ಆ ಗಾಯ ಮನೆಮನೆಯಲ್ಲೂ ಇದೆ. ಆದರೂ ಸಾದ್ ಹರೀರಿ ಇನ್ನೊಬ್ಬ ಮರೋನೈಟ್ ನಾಯಕ ಸುಲೈಮಾನ್ ಫ್ರಂಜಿಯೆ ಹೆಸರು ಎತ್ತಿದ ಕೂಡಲೇ ಜಾಜಾ ತಮ್ಮ ಹಳೆಯ ವೈರಿ ಔನ್‌ಗೇ ಬೆಂಬಲ ಕೊಟ್ಟರು. ಫ್ರಂಜಿಯೆ ಕುಟುಂಬದ ಜೊತೆ ಜಾಜಾಗೆ 1978ರಲ್ಲಿ ಎಹ್ದೆನ್ ಊರಿನಲ್ಲಿ ಸುಲೈಮಾನ್ ಅಪ್ಪನ ಹತ್ಯೆಯಾದ ಲೆಕ್ಕ ಇತ್ತು, ಅದು ಇನ್ನೂ ಹಳೆಯದು. ಆಮೇಲೆ ಹರೀರಿಯೂ ತಿರುಗಿ ಔನ್ ಪರ ಬಂದರು. ಅಕ್ಟೋಬರ್ 31ರಂದು ಔನ್ ಆಯ್ಕೆಯಾದರು.

ನಾನು ಬಂದ ಮೇಲೆ ನೋಡಿದ ಮೊದಲ ಚುನಾವಣೆ 2018ರದ್ದು. 2009ರ ನಂತರ ಅದೇ ಮೊದಲು, ನಡುವೆ ಸಂಸದರು ತಮ್ಮ ಅವಧಿಯನ್ನು ತಾವೇ ಮುಂದೂಡಿಕೊಂಡು ಕೂತಿದ್ದರು. ಆ ಭಾನುವಾರ ಬೈರೂತ್ ಖಾಲಿ ಹೊಡೆಯುತ್ತಿತ್ತು. ಇಲ್ಲಿ ಓಟು ಇರುವುದು ನೀವು ವಾಸ ಮಾಡುವ ಕಡೆ ಅಲ್ಲ, ನಿಮ್ಮ ಕುಟುಂಬದ ಹೆಸರು ದಾಖಲಾದ ಊರಿನಲ್ಲಿ. ಮದುವೆಯಾದ ಹೆಂಗಸರ ಓಟು ಗಂಡನ ಊರಿಗೆ ಹೋಗುತ್ತದೆ. ನಮ್ಮ ಲೆಕ್ಕಪತ್ರ ವಿಭಾಗದ ಒಬ್ಬಾಕೆ ಹುಟ್ಟಿದ್ದು ಬೆಳೆದದ್ದು ಬೈರೂತ್‌ನಲ್ಲೇ, ಓಟು ಮಾತ್ರ ಗಂಡನ ಅಜ್ಜನ ಹಳ್ಳಿಯಲ್ಲಿ, ಅಲ್ಲಿ ಆಕೆಗೆ ಪರಿಚಯದ ಒಂದು ಅಂಗಡಿಯೂ ಇಲ್ಲ. ಇದರಿಂದ ಊರ ನಾಯಕನ ಹಿಡಿತ ಸಡಿಲವಾಗುವುದೇ ಇಲ್ಲ.

ಆ ವರ್ಷ ಹೊಸ ಕಾನೂನು, 15 ಕ್ಷೇತ್ರ, ಅನುಪಾತದ ಲೆಕ್ಕ. ಒಂದು ಪಟ್ಟಿಗೆ ಓಟು, ಆ ಪಟ್ಟಿಯೊಳಗೆ ಒಬ್ಬರಿಗೆ ವಿಶೇಷ ಓಟು. ಪರಿಣಾಮ ಏನಾಯಿತು ಅಂದರೆ ಔನ್ ಪಕ್ಷ ನಮ್ಮ ಬಾಬ್ದಾದಲ್ಲಿ ಹಿಜ್ಬುಲ್ಲಾ ಜೊತೆ ಒಂದೇ ಪಟ್ಟಿಯಲ್ಲಿ, ಕರಾವಳಿಯಲ್ಲಿ ಸ್ವಲ್ಪ ಮೇಲೆ ಹೋದರೆ ಜುಬೈಲ್-ಕಿಸ್ರುವಾನ್‌ನಲ್ಲಿ ಅದೇ ಹಿಜ್ಬುಲ್ಲಾ ವಿರುದ್ಧ. ಜೊತೆಗೆ ಒಂದೇ ಪಟ್ಟಿಯ ಇಬ್ಬರೂ ವಿಶೇಷ ಓಟಿಗಾಗಿ ಒಳಗೊಳಗೇ ಕಚ್ಚಾಟ.

2019ರ ಅಕ್ಟೋಬರ್ 17ರಂದು ವಾಟ್ಸ್‌ಆಪ್ ಕರೆಗೂ ತೆರಿಗೆ ಹಾಕುತ್ತೇವೆ ಅಂದಾಗ ಜನ ಬೀದಿಗೆ ಇಳಿದರು. "ಎಲ್ಲರೂ ಅಂದರೆ ಎಲ್ಲರೂ" ತೊಲಗಿ ಅನ್ನುವುದೇ ಘೋಷಣೆ. ಡಾಲರ್‌ಗೆ 1,507 ಇದ್ದ ಲೀರಾ ಮುಂದೆ 89,500ಕ್ಕೆ ಬಂದು ನಿಂತಿತು. ನನ್ನ ಉಳಿತಾಯವೂ ಒಂದು ಬ್ಯಾಂಕಿನಲ್ಲಿ ಸಿಕ್ಕಿಕೊಂಡಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ, ಈಗ ಬೇಡ, ಬಿಪಿ ಏರುತ್ತದೆ. 2022ರಲ್ಲಿ ಆ ಚಳವಳಿಯ ಕಡೆಯಿಂದ 13 ಮಂದಿ ಗೆದ್ದರು. ಸ್ವಲ್ಪ ದಿನಕ್ಕೇ ಅವರೂ ಬೇರೆ ಬೇರೆ ಆದರು.

ಇಷ್ಟರ ನಡುವೆ ಬದಲಾಗದ ಒಂದೇ ಮೈತ್ರಿ ಇದೆ: ಅಮಲ್ ಮತ್ತು ಹಿಜ್ಬುಲ್ಲಾ. ಜನ ಸುಮ್ನೆ "ಜೋಡಿ" ಅನ್ನುತ್ತಾರೆ. 1988ರಿಂದ 90ರವರೆಗೆ ಇವರೇ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದರು. ಆಮೇಲೆ ದಾಯಾದಿ ಜಗಳ ಬಿಟ್ಟು 27 ಸೀಟನ್ನು ಹಂಚಿಕೊಂಡರು. 2022ರಲ್ಲಿ ಪೂರ್ತಿ 27 ಇವರದ್ದೇ. ಅಮಲ್‌ನ ನಬೀಹ್ ಬರ್ರಿ 1992ರಿಂದ ಸ್ಪೀಕರ್. ಒಂದು ಸಮುದಾಯದ ಎಲ್ಲ ಸೀಟೂ ನಿಮ್ಮ ಕೈಯಲ್ಲಿದ್ದರೆ ನೀವಿಲ್ಲದೆ ಸರ್ಕಾರ ಮಾಡಲಾಗದು, ಮಾಡಿದರೆ ಶಿಯಾಗಳನ್ನು ಹೊರಗಿಟ್ಟಿರಿ ಅನ್ನುವ ಕೂಗು ಏಳುತ್ತದೆ. ಉಳಿದವರು ಜಾಗ ಬದಲಿಸುತ್ತ ಓಡಾಡುವಾಗ ಇವರು ಕೂತಲ್ಲೇ ಕೂತು ಗೆದ್ದದ್ದು ಹೀಗೆ.

2024ರ ಯುದ್ಧ ಅದನ್ನೂ ಅಲುಗಾಡಿಸಿತು. ನಸ್ರಲ್ಲಾ ಸೆಪ್ಟೆಂಬರ್ 27ರಂದು ಇಸ್ರೇಲ್ ದಾಳಿಯಲ್ಲಿ ಸತ್ತರು. ಔನ್ ಅಳಿಯ, ಅವರ ನಂತರ ಪಕ್ಷ ವಹಿಸಿಕೊಂಡ ಜಿಬ್ರಾನ್ ಬಾಸಿಲ್ ಅದಕ್ಕೂ ಮೊದಲೇ ಹಿಜ್ಬುಲ್ಲಾದಿಂದ ದೂರ ಸರಿಯತೊಡಗಿದ್ದರು. 2022ರಲ್ಲಿ ಔನ್ ಅವಧಿ ಮುಗಿದು ರಾಷ್ಟ್ರಾಧ್ಯಕ್ಷರ ಕುರ್ಚಿ ಮತ್ತೆ ಖಾಲಿಯಾಗಿತ್ತು. 2023ರ ಜೂನ್‌ನಲ್ಲಿ ಹಿಜ್ಬುಲ್ಲಾದ ಅಭ್ಯರ್ಥಿ ಫ್ರಂಜಿಯೆ ವಿರುದ್ಧ ಬಾಸಿಲ್ ಮತ್ತು ಜಾಜಾ ಒಂದೇ ಹೆಸರಿಗೆ ಓಟು ಹಾಕಿದರು. ಆ ಹೆಸರಿಗೆ 59, ಫ್ರಂಜಿಯೆಗೆ 51, ಯಾರಿಗೂ ದಕ್ಕಲಿಲ್ಲ. 2025ರ ಜನವರಿ 9ರಂದು ಸೇನಾ ಮುಖ್ಯಸ್ಥ ಜೋಸೆಫ್ ಔನ್ (ಮಿಶೆಲ್ ಔನ್‌ಗೆ ಸಂಬಂಧಿಕರಲ್ಲ) ಮೊದಲ ಸುತ್ತಿನಲ್ಲಿ 71 ಪಡೆದರು, ಬೇಕಿದ್ದದ್ದು 86. ವಿರಾಮ ಕೊಟ್ಟರು. ಆ ವಿರಾಮದಲ್ಲಿ ಜೋಡಿಯ ಪ್ರತಿನಿಧಿಗಳು ಹೋಗಿ ಅವರನ್ನು ಕಂಡು ಬಂದರು. ಎರಡನೇ ಸುತ್ತಿನಲ್ಲಿ 99. ಆಫೀಸಿನಲ್ಲಿ ಎಲ್ಲರೂ ಒಂದೇ ಟಿವಿ ಮುಂದೆ ನಿಂತಿದ್ದೆವು, ಫಲಿತಾಂಶಕ್ಕಿಂತ ಆ ವಿರಾಮದ ಬಗ್ಗೆಯೇ ಜಾಸ್ತಿ ಮಾತಾಯಿತು.

ಹಾಗಾದರೆ ಭಾವನ ಪ್ರಶ್ನೆಗೆ ಉತ್ತರ? 2025ರ ಫೆಬ್ರವರಿಯಲ್ಲಿ ನವಾಫ್ ಸಲಾಂ ಪ್ರಧಾನಿಯಾಗಿ ಮಾಡಿದ 24 ಮಂತ್ರಿಗಳ ಸರ್ಕಾರದಲ್ಲಿ ಜಾಜಾ ಕಡೆಯವರೂ ಇದ್ದರು, ಜೋಡಿಯ ಕಡೆಯವರೂ ಇದ್ದರು. ಹೊರಗುಳಿದದ್ದು ಬಾಸಿಲ್ ಪಕ್ಷ. ಆಗಸ್ಟ್‌ನಲ್ಲಿ ಆಯುಧ ಸರ್ಕಾರದ ಕೈಯಲ್ಲಿ ಮಾತ್ರ ಇರಬೇಕು, ಸೇನೆ ಯೋಜನೆ ಕೊಡಲಿ ಅಂತ ಸಂಪುಟ ತೀರ್ಮಾನಿಸಿದಾಗ ಶಿಯಾ ಮಂತ್ರಿಗಳು ಸಭೆಯಿಂದ ಎದ್ದು ನಡೆದರು. ರಾಜೀನಾಮೆ ಮಾತ್ರ ಕೊಡಲಿಲ್ಲ.

ಇದೆಲ್ಲ ದೊಡ್ಡವರ ಮಟ್ಟದ್ದು. 2025ರ ಮೇ ತಿಂಗಳಲ್ಲಿ ಬೈರೂತ್ ನಗರಸಭೆ ಚುನಾವಣೆ ಆಯಿತು, 24 ಸದಸ್ಯರು. ನಗರಸಭೆಯಲ್ಲಿ ಧರ್ಮದ ಲೆಕ್ಕದ ಸೀಟು ಕಾನೂನಿನಲ್ಲಿಲ್ಲ, ಹಾಗಾಗಿ ಕ್ರಿಶ್ಚಿಯನ್ನರಿಗೆ ಅರ್ಧ ಸಿಗದೇ ಹೋದರೆ ಅಂತ ಭಯ. ಅರ್ಧ ಅರ್ಧ ಉಳಿಸಿಕೊಳ್ಳಲು ಜಾಜಾ ಪಕ್ಷ, ಬಾಸಿಲ್ ಪಕ್ಷ, ಅಮಲ್, ಹಿಜ್ಬುಲ್ಲಾ, ಜುಂಬ್ಲಾತ್ ಕಡೆಯವರು ಎಲ್ಲ ಸೇರಿ ಒಂದೇ ಪಟ್ಟಿಯನ್ನು ಬೆಂಬಲಿಸಿದರು, 23 ಸೀಟು ಗೆದ್ದರು. ನಮ್ಮ ಆಫೀಸಿನಲ್ಲಿ ಬೈರೂತ್ ಓಟಿನವರು ಇಬ್ಬರಿದ್ದಾರೆ, ಒಬ್ಬ ಅಶ್ರಫಿಯೆಯ ಜಾಜಾ ಭಕ್ತ, ಇನ್ನೊಬ್ಬ ಝುಕಾಕ್ ಅಲ್ ಬ್ಲಾತ್‌ನ ಅಮಲ್ ಮನೆಯವನು. ಯುದ್ಧದ ಸಮಯದಲ್ಲಿ ಕಾಫಿ ಯಂತ್ರದ ಹತ್ತಿರವೂ ಒಟ್ಟಿಗೆ ನಿಲ್ಲದವರು ಒಂದೇ ಪಟ್ಟಿಗೆ ಓಟು ಹಾಕಿ ಬಂದಿದ್ದರು. ನಗರಸಭೆ ಓಟಿನಲ್ಲಿ ಇಷ್ಟವಿಲ್ಲದ ಹೆಸರನ್ನು ಗೀಟು ಹಾಕಿ ಹೊಡೆಯಬಹುದು. ಹೊಡೆದೆಯಾ ಅಂತ ಅಶ್ರಫಿಯೆಯವನನ್ನು ಕೇಳಿದೆ. "ಎರಡು ಹೊಡೆದೆ. ಬಾಕಿ 22ಕ್ಕೆ ಅವನು ನನಗೆ ಊಟ ಕೊಡಿಸಬೇಕು" ಅಂದ.