‘ಎಲ್ಲ ಆದ ಮೇಲೆ ಬರೆದದ್ದಲ್ವಾ?’

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಮುಂಬೈಯ ಬೆಳಗಿನ ಲೋಕಲ್‌ನಲ್ಲಿ ನಮ್ಮದೊಂದು ಕನ್ನಡದ ಗುಂಪಿದೆ. ಡಿಸೆಂಬರ್ ಬಂತೆಂದರೆ ಯಾರಾದರೂ ನನ್ನನ್ನು ಕೇಳಿಯೇ ಕೇಳುತ್ತಾರೆ: “ಅಲ್ಲ ಮಾರಾಯ್ರೆ, ನಿಮ್ಮ ಬೈಬಲಿನ ಪ್ರವಾದಿಗಳು ಹೇಳಿದ್ದೆಲ್ಲ ನಿಜವಾಯ್ತು ಅಂತೀರಿ. ಎಲ್ಲ ಆದ ಮೇಲೆ ಬರೆದದ್ದಲ್ವಾ ಅದು?”

ಕೇಳಲೇಬೇಕಾದ ಪ್ರಶ್ನೆ. ನಾನೂ ಅದನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಹೊತ್ತು ತಿರುಗಿದವನು.

ಯೇಸುವಿನ ವಿಷಯದಲ್ಲಿ ಉತ್ತರ ಸುಲಭ. 1947ರಲ್ಲಿ ಮೃತ ಸಮುದ್ರದ ಬಳಿ ಕುಮ್ರಾನ್ ಗುಹೆಯಲ್ಲಿ ಪ್ರವಾದಿ ಯೆಶಾಯನ ಪುಸ್ತಕದ ಚರ್ಮದ ಸುರುಳಿ ಸಿಕ್ಕಿತು. ಏಳು ಮೀಟರಿಗೂ ಉದ್ದ, ಕ್ರಿಸ್ತನಿಗಿಂತ 100 ವರ್ಷಕ್ಕೂ ಹಳೆಯದು. ವಧೆಗೆ ಒಯ್ಯುವ ಕುರಿಯ ಹಾಗೆ ಬಾಯಿ ತೆರೆಯದೆ ಹೋದ ಒಬ್ಬ ಸೇವಕನ ಕುರಿತ ಮಾತು, 53ನೇ ಅಧ್ಯಾಯ, ಅದರಲ್ಲಿ ಪೂರ್ತಿ ಇದೆ. ಆ ಸೇವಕ ಇಸ್ರಾಯೇಲ್ ಜನಾಂಗವೇ ಎಂದು ಯೆಹೂದ್ಯರು ಓದುತ್ತಾರೆ. ನಾನು ಯೇಸುವನ್ನು ಕಾಣುತ್ತೇನೆ. ಅದು ನನ್ನ ನಂಬಿಕೆ; ಆದರೆ ಆಮೇಲೆ ಬರೆದರು ಎನ್ನಲು ಅಲ್ಲಿ ಜಾಗವಿಲ್ಲ.

ನನಗೆ ಇನ್ನೂ ಹತ್ತಿರದವನು ಯೆರೆಮೀಯನೆಂಬ ಪ್ರವಾದಿ. ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಊರು ಬೀಳುತ್ತದೆ ಎಂದು ಸಾರಿದ್ದಕ್ಕೆ ಅವನು ಕಾರಾಗೃಹದ ಅಂಗಳದಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ದಾಯಾದಿ ಹನಮೇಲ ಬಂದು, ನಮ್ಮೂರು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಯೆರೆಮೀಯ ಕೊಳ್ಳುತ್ತಾನೆ! 17 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟು, ಸಾಕ್ಷಿಗಳ ರುಜು ಹಾಕಿಸಿ, ಕ್ರಯಪತ್ರ ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ವ್ಯಾಪಾರ ಮತ್ತೆ ನಡೆಯುತ್ತದೆ ಎಂಬ ದೇವರ ಮಾತಿಗೆ ಅವನು ಕೈಯಿಂದ ದುಡ್ಡು ಹಾಕಿದ. ನಮ್ಮ ಮುಂಬೈಯಲ್ಲಿ, ಕಟ್ಟಡ ಏಳುವ ಮೊದಲೇ ಅಗ್ರಿಮೆಂಟಿಗೆ ಸಹಿ ಹಾಕಿ, ಆ ಫೈಲನ್ನು ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಕಾದವರಿಗೆ ಆ ಗಡಿಗೆಯ ಭಾರ ಗೊತ್ತು.

ಹೊಲ ಅವನಿಗೆ ದಕ್ಕಲಿಲ್ಲ. ಊರು ಬಿತ್ತು, ಜನರನ್ನು ಬಾಬೆಲಿಗೆ ಸೆರೆ ಒಯ್ದರು, ಅವನನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಕರೆದೊಯ್ದರು.

2014ರ ಜನವರಿಯಲ್ಲಿ ಪಾರಸಿಯ ರಾಜ ಕೋರೆಷನ (ಸೈರಸ್) ಸಿಲಿಂಡರ್ ಲಂಡನ್ನಿನಿಂದ ನಮ್ಮ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಬಂದಿದ್ದಾಗ ನೋಡಲು ಹೋಗಿದ್ದೆ. ಗಾಜಿನೊಳಗೆ ಗೇಣುದ್ದದ ಸುಟ್ಟ ಮಣ್ಣಿನ ಉರುಳೆ, ಮೈತುಂಬ ಮೊಳೆಯಾಕಾರದ ಅಕ್ಷರ, ಅಲ್ಲಲ್ಲಿ ಒಡೆದುಹೋಗಿದೆ. ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದ ಅವನು, ಜನರನ್ನು ಅವರವರ ನೆಲೆಗೆ ಕಳಿಸಿದೆ ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಯೆಹೂದ್ಯರ ಹೆಸರು ಅದರಲ್ಲಿಲ್ಲ.

ಅವರ ಲೆಕ್ಕ ಬೈಬಲಿನ ಎಜ್ರನ ಪುಸ್ತಕದಲ್ಲಿದೆ. ಸೆರೆಯಿಂದ ಹಿಂದಿರುಗಿದವರ ಆ ಉದ್ದನೆಯ ಪಟ್ಟಿಯನ್ನು ಮೊದಲೆಲ್ಲ ನಾನು ಹಾರಿಸಿಬಿಡುತ್ತಿದ್ದೆ. ಅಂದು ರಾತ್ರಿ ಮನೆಗೆ ಬಂದು ಬೆರಳಿಟ್ಟು ಓದಿದೆ. ಎರಡನೇ ಅಧ್ಯಾಯ, 23ನೇ ವಚನ: ಅನಾತೋತಿನವರು, 128 ಮಂದಿ.