ವಿಮಾನದ ದೂರ ಮತ್ತು ಹಾರಾಟದ ಸಮಯ: ಲೆಕ್ಕ ಎಲ್ಲಿ ಹಳಿ ತಪ್ಪುತ್ತದೆ

ಎರಡು ನಗರಗಳ ಹೆಸರು ಕೊಟ್ಟು ‘ವಿಮಾನದಲ್ಲಿ ಎಷ್ಟು ಹೊತ್ತು’ ಎಂದು ಹುಡುಕಿದರೆ ಗಂಟೆ, ನಿಮಿಷಗಳ ಸಮೇತ ಉತ್ತರ ಸಿಗುತ್ತದೆ. ಸಾಮಾನ್ಯವಾಗಿ ಅದು ದೂರವನ್ನು ಒಂದೇ ವೇಗದಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಸೇರಿಸಿದ ಅಂದಾಜು. ಟಿಕೆಟ್‌ನಲ್ಲಿರುವ ಸಮಯಕ್ಕೂ ಅದಕ್ಕೂ ತಾಳೆಯಾಗದಿದ್ದರೆ ನಂಬಬೇಕಾದದ್ದು ಟಿಕೆಟ್ಟನ್ನೇ.

ಮೊದಲು ದೂರ. ಭೂಮಿಯ ಮೇಲೆ ಎರಡು ಜಾಗಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ, ಅಂದರೆ ಭೂಮಿಯನ್ನು ಸರಿಯಾಗಿ ಎರಡು ಅರ್ಧ ಮಾಡುವ ವೃತ್ತದ, ತುಣುಕು. ಚಪ್ಪಟೆ ನಕ್ಷೆಯಲ್ಲಿ ಅದು ಬಾಗಿದಂತೆ ಕಾಣುತ್ತದೆ, ಅಷ್ಟೆ. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಇಟ್ಟುಕೊಳ್ಳಿ. ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡನ್ನೂ ಕೂಡಿಸಿ, ವಿಲೋಮ ಕೊಸೈನ್ ತೆಗೆದು, ಬಂದ ಡಿಗ್ರಿಯನ್ನು 111.2ರಿಂದ ಗುಣಿಸಿದರೆ ಕಿಲೋಮೀಟರ್.

ಲಂಡನ್ನಿನ ಹೀಥ್ರೂ (51.47 ಉತ್ತರ, 0.45 ಪಶ್ಚಿಮ) ಮತ್ತು ನ್ಯೂಯಾರ್ಕಿನ ಕೆನಡಿ ನಿಲ್ದಾಣ (40.64 ಉತ್ತರ, 73.78 ಪಶ್ಚಿಮ) ತೆಗೆದುಕೊಳ್ಳಿ. ಕೂಡಿದ ಮೊತ್ತ 0.645, ಕೋನ 49.8 ಡಿಗ್ರಿ, ದೂರ ಸುಮಾರು 5,540 ಕಿ.ಮೀ. ಉತ್ತರ ಅಸಂಬದ್ಧವಾಗಿ ಬಂದರೆ ಎರಡು ಕಡೆ ನೋಡಿ: ಸ್ಪ್ರೆಡ್‌ಶೀಟ್‌ಗೆ ಡಿಗ್ರಿ ಕೊಟ್ಟಿದ್ದೀರಿ, ಅದು ಕೇಳುವುದು ರೇಡಿಯನ್, ಇಲ್ಲವೇ ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಲು ಮರೆತಿದ್ದೀರಿ.

ಇನ್ನು ಸಮಯ. ದೊಡ್ಡ ಜೆಟ್‌ನ ವೇಗ ಗಂಟೆಗೆ 900 ಕಿ.ಮೀ. ಎಂದುಕೊಂಡರೆ ಮೇಲಿನ ದೂರಕ್ಕೆ 6 ಗಂಟೆ 10 ನಿಮಿಷ. ಆದರೆ ಲಂಡನ್ನಿಂದ ನ್ಯೂಯಾರ್ಕಿಗೆ ವೇಳಾಪಟ್ಟಿ ಕೊಡುವುದು ಸುಮಾರು 8 ಗಂಟೆ, ವಾಪಸು ಬರಲು 7. ಈ ಒಂದು ಗಂಟೆಯ ವ್ಯತ್ಯಾಸ ಬಹುಪಾಲು ಗಾಳಿಯದ್ದು. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹೋಗುವಾಗ ಎದುರಾಗುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ಬಲ ಸಿಕ್ಕ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಗೂ ಕಡಿಮೆ ಸಮಯದಲ್ಲಿ ಮುಟ್ಟಿತ್ತು. ಹೋಗಿಬರುವುದರಲ್ಲಿ ಗಾಳಿ ಸರಿದೂಗುತ್ತದೆ ಎಂಬುದೂ ನಿಜವಲ್ಲ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ಕಳೆದುಕೊಂಡಷ್ಟು ಮರಳಿ ಸಿಗುವುದಿಲ್ಲ.

ವೇಳಾಪಟ್ಟಿಯ ಸಮಯ ಗೇಟಿನಿಂದ ಗೇಟಿಗೆ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಇಳಿಯುವ ಮುನ್ನ ಸುತ್ತು ಹಾಕುವುದು ಎಲ್ಲ ಅದರೊಳಗೇ. ಅದಕ್ಕೇ 300 ಕಿ.ಮೀ. ಹಾರಾಟಕ್ಕೆ 20 ನಿಮಿಷವಲ್ಲ, ಒಂದು ಗಂಟೆ ಹಿಡಿಯುತ್ತದೆ. ಏರಿ ಪೂರ್ಣ ವೇಗ ಪಡೆಯುವಷ್ಟರಲ್ಲಿ ಇಳಿಯುವ ಹೊತ್ತು.

ಮಹಾವೃತ್ತವೂ ಸದಾ ಸಿಗುವ ದಾರಿಯಲ್ಲ. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತೂವರೆ ಗಂಟೆಯಿಂದ ಸುಮಾರು 13 ಗಂಟೆಗೆ ಏರಿತು. ನಗರಗಳೇನೂ ದೂರ ಸರಿಯಲಿಲ್ಲ.

ಟಿಕೆಟ್‌ನ ಎರಡೂ ಸಮಯಗಳು ಆಯಾ ಊರಿನ ಗಡಿಯಾರದವು. ಬೆಳಿಗ್ಗೆ 11ಕ್ಕೆ ಲಂಡನ್ ಬಿಟ್ಟು ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ಸೇರಿದರೆ ಮೂರು ಗಂಟೆಗೆ 5 ಗಂಟೆಯ ಅಂತರ ಸೇರಿಸಿ 8 ಎನ್ನಬೇಕು. ಮಾರ್ಚ್‌ನಲ್ಲಿ ಜೋಪಾನ: ಬೇಸಿಗೆಗೆಂದು ಅಮೆರಿಕ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಬ್ರಿಟನ್ ಕೊನೆಯ ಭಾನುವಾರ. ಆ ನಡುವಿನ ದಿನಗಳಲ್ಲಿ ಅಂತರ 4 ಗಂಟೆ.