ಸಂಗೀತ ಕಚೇರಿ ಕೇಳಲೊಂದು ಪ್ಲೇಯರ್: ಆಯ್ಕೆಯ ಕೆಲಸ ಎಲ್ಲಿಯವರೆಗೆ ಬಂದಿದೆ

ಮನೆಯಲ್ಲಿರುವ ಕರ್ನಾಟಕ ಸಂಗೀತದ ಸಿ.ಡಿ.ಗಳನ್ನೂ ಕ್ಯಾಸೆಟ್‌ಗಳನ್ನೂ ಡಿಜಿಟಲ್ ಫೈಲುಗಳನ್ನಾಗಿ ಮಾಡಿ, ಬನಶಂಕರಿಯಿಂದ ಮೆಜೆಸ್ಟಿಕ್‌ವರೆಗಿನ ಮೆಟ್ರೊ ಪ್ರಯಾಣದಲ್ಲಿ ಕೇಳಲು ಒಂದು ಪುಟ್ಟ ಪ್ಲೇಯರಿನಲ್ಲಿ ತುಂಬಿಕೊಳ್ಳುವ ಕೆಲಸ ಅರ್ಧ ದಾರಿ ದಾಟಿದೆ. ಸಿ.ಡಿ.ಗಳು ಮುಗಿದಿವೆ, ಕ್ಯಾಸೆಟ್‌ಗಳು ಬಾಕಿ ಇವೆ, ಯಾವ ಬಗೆಯ ಪ್ಲೇಯರ್ ಎಂಬುದು ತೀರ್ಮಾನವಾಗಿದೆ.

ಫೈಲುಗಳಿಗೆ ಫ್ಲ್ಯಾಕ್ ರೂಪವನ್ನು ಆರಿಸಿಕೊಂಡಿದ್ದೇನೆ. 2001ರಲ್ಲಿ ಬಳಕೆಗೆ ಬಂದ ಈ ಮುಕ್ತ ತಂತ್ರ ಧ್ವನಿಯಲ್ಲಿ ಏನನ್ನೂ ಕಳೆಯದೆ ಗಾತ್ರವನ್ನಷ್ಟೇ ಕುಗ್ಗಿಸುತ್ತದೆ. ಸಿ.ಡಿ.ಯ ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಎಂ.ಬಿ. ಬೇಕು; ಫ್ಲ್ಯಾಕ್‌ನಲ್ಲಿ ಅದು ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುವುದರಿಂದ, ಮೂರು ಗಂಟೆಯ ಕಚೇರಿಯೊಂದು ಹೆಚ್ಚುಕಡಿಮೆ ಒಂದು ಜಿ.ಬಿ.ಯಲ್ಲಿ ಹಿಡಿಸುತ್ತದೆ. ಪೆಟ್ಟಿಗೆಯ ಮೇಲೆ 192 ಕಿಲೋಹರ್ಟ್ಸ್, 32 ಬಿಟ್ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಬಾರಿ, ಎಷ್ಟು ಸೂಕ್ಷ್ಮವಾಗಿ ಅಳೆಯಲಾಗಿದೆ ಎಂಬ ಅಂಕಿಗಳು) ಎಂದು ದೊಡ್ಡದಾಗಿ ಅಚ್ಚು ಹಾಕಿದ ಪ್ಲೇಯರುಗಳಿಗೆ ಹೆಚ್ಚಿನ ಹಣ ಕೊಡಲು ನನಗೆ ಕಾರಣ ಕಾಣಲಿಲ್ಲ. ಸಿ.ಡಿ.ಯ 44.1 ಕಿಲೋಹರ್ಟ್ಸ್ ದರವೇ 22 ಕಿಲೋಹರ್ಟ್ಸ್‌ವರೆಗಿನ ನಾದವನ್ನು ಹಿಡಿದಿಡುತ್ತದೆ, ಮನುಷ್ಯನ ಕಿವಿಯಾದರೋ 20ರ ಹತ್ತಿರವೇ ನಿಂತುಹೋಗುತ್ತದೆ.

ನಮ್ಮ ಸಂಗೀತಕ್ಕೆ ನಿಜವಾಗಿ ಬೇಕಾದದ್ದು ಒಂದು ಟ್ರ್ಯಾಕಿನಿಂದ ಮುಂದಿನದಕ್ಕೆ ಎಡೆಯಿಲ್ಲದೆ ಸಾಗುವ ಗುಣ. ಸಿ.ಡಿ.ಗಳಲ್ಲಿ ರಾಗ, ತಾನ, ಪಲ್ಲವಿಗಳನ್ನು ಬೇರೆ ಬೇರೆ ಟ್ರ್ಯಾಕುಗಳಾಗಿ ಕತ್ತರಿಸಿರುತ್ತಾರೆ, ಆದರೆ ತಂಬೂರಿ ಎಲ್ಲಿಯೂ ನಿಲ್ಲುವುದಿಲ್ಲ; ಆದ್ದರಿಂದ ಕ್ಷಣಮಾತ್ರದ ಮೌನವೂ ಶ್ರುತಿಯನ್ನು ಕಡಿದುಹಾಕಿದಂತೆ ಕೇಳಿಸುತ್ತದೆ. ಎಂಪಿ3 ಧ್ವನಿಯನ್ನು 1152 ಮಾದರಿಗಳ (ಕ್ಷಣಕ್ಷಣದ ಅಳತೆಗಳ) ತುಂಡುಗಳಲ್ಲಿ ಜೋಡಿಸುವುದರಿಂದ ಟ್ರ್ಯಾಕಿನ ತುದಿಗಳಲ್ಲಿ ಖಾಲಿ ಮಾದರಿಗಳು ಸೇರಿಕೊಳ್ಳುತ್ತವೆ. ಫ್ಲ್ಯಾಕ್‌ನಲ್ಲಿ ಆ ತೊಂದರೆ ಇಲ್ಲ. ಆದರೂ ಒಂದು ಫೈಲನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವ ಪ್ಲೇಯರು ಅಲ್ಲಿಯೂ ಎಡವುತ್ತದೆ. ಇದನ್ನು ಪರೀಕ್ಷಿಸಲು ಆಲಾಪನೆಯೊಂದರಲ್ಲಿ ಗಾಯಕರು ತಾರಷಡ್ಜದಲ್ಲಿ, ಅಂದರೆ ಮೇಲಿನ 'ಸ'ದಲ್ಲಿ, ನಿಂತ ಜಾಗವನ್ನು ಹುಡುಕಿ, ಸರಿಯಾಗಿ ಆ ಸ್ವರದ ನಡುವೆ ಕತ್ತರಿಸಿ ಎರಡು ಫೈಲು ಮಾಡಿ, ಕಾರ್ಡಿನಲ್ಲಿ ಹಾಕಿಕೊಂಡು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಒಯ್ದೆ. ಷಡ್ಜ ಒಂದೇ ಉಸಿರಿನಲ್ಲಿ ದಾಟಿದರೆ ಪ್ಲೇಯರು ಪರಿಗಣನೆಗೆ ಅರ್ಹ; 'ಟಕ್' ಎಂದರೆ ಅದರ ಮಿಕ್ಕ ಗುಣಗಳನ್ನು ನೋಡುವ ಅಗತ್ಯವೇ ಇಲ್ಲ. ಬೆಲೆಗೂ ಈ ಗುಣಕ್ಕೂ ಸಂಬಂಧವಿಲ್ಲವೆಂಬುದು ಅಲ್ಲಿ ಖಚಿತವಾಯಿತು.

ಮೊಬೈಲಿಗೆ ಟೈಪ್-ಸಿ ಡ್ಯಾಕ್ ಡಾಂಗಲ್ (ಡಿಜಿಟಲ್ ಫೈಲನ್ನು ಇಯರ್‌ಫೋನಿಗೆ ಬೇಕಾದ ಧ್ವನಿ ಸಂಕೇತವಾಗಿಸುವ ಪುಟ್ಟ ಸಾಧನ) ಸಿಕ್ಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಧ್ವನಿಯ ಗುಣಮಟ್ಟಕ್ಕೆ ಖಂಡಿತ ಸಾಕು. ಆದರೆ ಮೃದಂಗದಂಥ ತಾಳವಾದ್ಯಗಳದೇ ಸರದಿಯಾದ ತನಿ ಆವರ್ತನದ ನಡುವೆ ಕರೆಯೋ ಸಂದೇಶವೋ ನುಗ್ಗುವುದು ನನಗೆ ಸಹ್ಯವಲ್ಲ. ಬ್ಲೂಟೂತನ್ನೂ ಬಿಟ್ಟಿದ್ದೇನೆ: ಅದರಲ್ಲಿ ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನಗಳಲ್ಲೊಂದಾದ ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಸಾಗಿಸಬಲ್ಲದಾದರೂ, ಸಂಪರ್ಕ ದುರ್ಬಲವಾದಾಗ 660ಕ್ಕೂ 330ಕ್ಕೂ ಇಳಿಯುವಂತೆ ಅದನ್ನು ರೂಪಿಸಲಾಗಿದೆ. ತಂತಿಗೆ ಈ ಹಂಗಿಲ್ಲ.

ಇಯರ್‌ಫೋನಿನ ವಿಷಯದಲ್ಲಿ ಎರಡು ಸಂಗತಿಗಳನ್ನು ಗಮನಿಸಿದೆ. ಪ್ಲೇಯರಿನ ಔಟ್‌ಪುಟ್ ಇಂಪಿಡೆನ್ಸ್ (ವಿದ್ಯುತ್ ಸಂಕೇತಕ್ಕೆ ಅದು ಒಡ್ಡುವ ತಡೆ) ಇಯರ್‌ಫೋನಿನದರ ಎಂಟನೇ ಒಂದು ಭಾಗವನ್ನು ಮೀರಬಾರದೆಂಬ ರೂಢಿಯ ಲೆಕ್ಕದಂತೆ, ನನ್ನ 16 ಓಮ್‌ನ ಇಯರ್‌ಫೋನಿಗೆ ಅದು 2 ಓಮ್‌ಗಿಂತ ಕಡಿಮೆ ಇರಬೇಕು. ಇನ್ನೊಂದು ಹೊರಗಿನ ಸದ್ದು. ನ್ಯಾಷನಲ್ ಕಾಲೇಜು ನಿಲ್ದಾಣ ದಾಟಿ ರೈಲು ಸುರಂಗಕ್ಕೆ ಇಳಿಯುತ್ತಿದ್ದಂತೆ ಗದ್ದಲ ಏರುತ್ತದೆ, ಕೈ ತಾನಾಗಿ ವಾಲ್ಯೂಮ್ ಗುಂಡಿಯತ್ತ ಹೋಗುತ್ತದೆ. ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ. ಕಿವಿಯ ಅಳತೆಗೆ ಸರಿಹೊಂದುವ ಫೋಮ್ ಟಿಪ್‌ಗಳನ್ನು ಹಾಕಿದ ಮೇಲೆ, ಬನಶಂಕರಿಯಲ್ಲಿ ಇಟ್ಟ ವಾಲ್ಯೂಮೇ ಚಿಕ್ಕಪೇಟೆಯಲ್ಲೂ ಸಾಕಾಗುತ್ತಿದೆ. ಅಲ್ಪ ಖರ್ಚಿನ ಈ ವಸ್ತುವಿನಿಂದ ಆದಷ್ಟು ಪ್ರಯೋಜನ ಬೇರಾವುದರಿಂದಲೂ ಆಗಿಲ್ಲ.

ಫೈಲುಗಳಿಗೆ ಹೆಸರುಗಳನ್ನು ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಚಿಕ್ಕ ಪ್ಲೇಯರುಗಳು ಕೆಲವು ಕನ್ನಡಕ್ಕೆ ಬರಿಯ ಚೌಕಗಳನ್ನು ತೋರಿಸುತ್ತವೆ. ಕೆಲವು ಅಕ್ಷರಗಳನ್ನು ತೋರಿಸಿದರೂ ಒತ್ತನ್ನು ಕೂಡಿಸಲಾರದೆ 'ಕಲ್ಯಾಣಿ'ಯನ್ನು 'ಕಲ್‌ಯಾಣಿ' ಎಂದು ಬಿಡಿಸಿಡುತ್ತವೆ. ಆಂಡ್ರಾಯ್ಡ್ ಆಧಾರಿತ ಪ್ಲೇಯರನ್ನು ಆರಿಸಿದ್ದಕ್ಕೆ ಇದೇ ಮುಖ್ಯ ಕಾರಣ. ಸಂಗೀತದ ಪ್ರಕಾರವನ್ನು ನಮೂದಿಸುವ ಖಾನೆಯಲ್ಲಿ ರಾಗದ ಹೆಸರನ್ನೂ, ರಚನಕಾರರ ಖಾನೆಯಲ್ಲಿ ವಾಗ್ಗೇಯಕಾರರ ಹೆಸರನ್ನೂ ತುಂಬಿದ್ದರಿಂದ, ತೋಡಿಯೆಂದು ಒತ್ತಿದರೆ ಸಂಗ್ರಹದಲ್ಲಿರುವ ತೋಡಿಗಳೆಲ್ಲ ಒಟ್ಟಿಗೆ ಬರುತ್ತವೆ. ಒಬ್ಬರ ತೋಡಿಯ ಬೆನ್ನಿಗೇ ಇನ್ನೊಬ್ಬರದನ್ನು ಕೇಳುವಾಗ ಗಾಂಧಾರದ ಗಮಕದಲ್ಲಿ ಅವರವರ ಬಾನಿ, ಅಂದರೆ ಹಾಡುವ ಶೈಲಿ, ಎಷ್ಟು ಭಿನ್ನವೆಂಬುದು ಮನದಟ್ಟಾಗುತ್ತದೆ.

ಮೆಮೊರಿ ಕಾರ್ಡ್ 128 ಜಿ.ಬಿ.ಯದು. ಅಂಗಡಿ ಯಾವುದೇ ಇರಲಿ, ಹೊಸ ಕಾರ್ಡನ್ನು ಪೂರ್ತಿ ತುಂಬಿಸಿ ಮರಳಿ ಓದಿ ತಾಳೆ ನೋಡದೆ ಬಳಸುವುದು ಸಲ್ಲದು, ಏಕೆಂದರೆ ಸುಳ್ಳು ಗಾತ್ರ ತೋರಿಸುವ ನಕಲಿ ಕಾರ್ಡುಗಳು ಹೊರನೋಟಕ್ಕೆ ಅಸಲಿಯಂತೆಯೇ ಇರುತ್ತವೆ.

ಮುಂದಿನ ಹಂತ ಕ್ಯಾಸೆಟ್‌ಗಳದು. ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ಪ್ರತಿ ಕ್ಯಾಸೆಟ್ಟಿಗೂ ತಕ್ಕಂತೆ ತಿರುಗಿಸಿ, ಮೇಲಿನ ಸ್ವರಗಳು ಅತ್ಯಂತ ಸ್ಪಷ್ಟವಾಗುವ ಕೋನವನ್ನು ಹಿಡಿಯಬೇಕು. ಆಮೇಲೆ 24 ಬಿಟ್‌ನಲ್ಲಿ, ಏರುದನಿಗೆ ಜಾಗ ಉಳಿಯುವಷ್ಟು ತಗ್ಗಿನ ಮಟ್ಟದಲ್ಲಿ ದಾಖಲಿಸಬೇಕು. ಮೀಟಿನ ಹರಿತದಲ್ಲಿ ಕೋನದ ವ್ಯತ್ಯಾಸ ಬೇಗ ತಿಳಿಯುವುದರಿಂದ ವೀಣೆಯ ಕ್ಯಾಸೆಟ್‌ಗಳನ್ನು ಮೊದಲು ಎತ್ತಿಕೊಳ್ಳುತ್ತಿದ್ದೇನೆ.